ಕೋಡಿ ಬೆಂಗ್ರೆ, ಆರಡಿಗೆ ನಾಲ್ಕು

ಮೊದಲು ಸಮುದ್ರಕ್ಕೆಂದು ನೀಲಿ ತಂದೆ,
ಉಡುಪಿಯ ಅಂಗಡಿಯಿಂದ, ಎರಡು ಮೀಟರ್.
ಒಗೆದು ಒಣಹಾಕಿ ಹಿತ್ತಲಲ್ಲಿ ನಿಂತು
ಒಮ್ಮೆ ಬಟ್ಟೆ ನೋಡಿದೆ, ಒಮ್ಮೆ ಕಡಲು.
ಸುಳ್ಳು. ನಮ್ಮದು ಯಾವತ್ತು ಇಷ್ಟು ನೀಲಿ ಇತ್ತು?
ಕ್ಯಾಲೆಂಡರಿನಲ್ಲಿ ಇರಬಹುದು.
ಆಟಿ ತಿಂಗಳಲ್ಲಿ ಅದಕ್ಕೆ ಚಾ ಚೆಲ್ಲಿದ ಬಣ್ಣ,
ಅಂಚಿಗೆ ಕೊಳಕು ನೊರೆ.

ಆ ಬಣ್ಣ ಕೊನೆಗೆ ಸಿಕ್ಕಿದ್ದು
ನಮ್ಮದೇ ಕಪಾಟಿನ ತಳದಲ್ಲಿ:
ಇಪ್ಪತ್ತಾರು ವರ್ಷ ಬಸ್ಸಿನ ಬಾಗಿಲಿಗೆ ನೇತಾಡಿ
"ಬೆಂಗ್ರೆ, ಬೆಂಗ್ರೆ, ಕಡೇ ಸ್ಟಾಪು" ಎಂದು ಕೂಗಿದವರ
ಖಾಕಿ ಅಂಗಿ.
"ನನ್ನನ್ನೇ ಕತ್ತರಿಸುತ್ತೀಯಾ?" ಎಂದರು ಕುಂದರರು,
ಗಂಜಿಯ ಜೊತೆ ಉಪ್ಪಿನಕಾಯಿ ನೆಕ್ಕುತ್ತಾ.
ತೋಳು ಬಿಚ್ಚಿದೆ, ಕಾಲರ್ ಬಿಚ್ಚಿದೆ,
ಚಿಲ್ಲರೆಯ ಭಾರಕ್ಕೆ ಜೋತುಬಿದ್ದ ಕಿಸೆಯನ್ನು ಮಾತ್ರ ಬಿಚ್ಚಲಿಲ್ಲ.
ಇರಲಿ, ಸಮುದ್ರಕ್ಕೂ ಒಂದು ಕಿಸೆ.

ಹೊಳೆಗೆ ಅಮ್ಮನ ಸೀರೆ,
ಮರುವಾಯಿ ಹೆಕ್ಕಲೆಂದೇ ಬೇರೆ ಇಟ್ಟದ್ದು.
ಸೊಂಟದ ಮೇಲೆ ಒಂದು ಹಸಿರು,
ಸೊಂಟದ ಕೆಳಗೆ, ನೀರಿನಲ್ಲಿ ನಿಂತು ನಿಂತು,
ಹೆಸರಿಲ್ಲದ ಇನ್ನೊಂದು.
ನಾನೇನೂ ಮಾಡಲಿಲ್ಲ.
ದಡ ಅಲ್ಲೇ ಇತ್ತು, ಅವಳು ಎಳೆದಿಟ್ಟದ್ದು.

ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ,
ನಡುವೆ ನಾವು: ಒಂದು ರಸ್ತೆ, ಎರಡು ಸಾಲು ಮನೆ.
ಈ ಹೊಲಿಗೆ ಯಾರು ಹಾಕಿದರೋ,
ವರ್ಷ ವರ್ಷ ಬಿಚ್ಚಲು ನೋಡುತ್ತದೆ ಮಳೆಗಾಲ,
ವರ್ಷ ವರ್ಷ ಕಲ್ಲು ತಂದು ಸುರಿದು
ಅಂಚು ಮಡಚುತ್ತದೆ ಸರಕಾರ.
ನನ್ನ ಕೌದಿಯಲ್ಲಿ ಅದು ಎರಡು ಬೆರಳಿನ ಅಗಲ.
ಅಷ್ಟರಲ್ಲೇ ಎಲ್ಲರೂ ಹಿಡಿಯಬೇಕು.

ಹೂಡೆಯಿಂದ ಮೈಮೂನಾ ಜರಿಯ ಲೇಸು ಕಳಿಸಿದಳು,
ಮಗಳ ಮದುವೆಯಲ್ಲಿ ಉಳಿದದ್ದು. ತುಂಡು ತುಂಡು ಮಾಡಿ
ರಾತ್ರಿ ದೋಣಿಗಳ ದೀಪ ಮಾಡಿದೆ.
ವಾರಿಜ ಕೊಟ್ಟದ್ದು ಬಲೆಯ ಚೂರು;
ನನ್ನ ಸೂಜಿಗೆ ಅದು ಬಗ್ಗಲಿಲ್ಲ.
ಅವಳೇ ಬಂದು ಕಾಲು ಚಾಚಿ ಕೂತು
ಬಲೆ ನೇಯುವ ಮುಳ್ಳಿನಿಂದ ಕಟ್ಟಿ,
ಎರಡು ಲೋಟ ಚಾ ಕುಡಿದು ಹೋದಳು.
ಅವಳ ಮೊಮ್ಮಗ ನಿಹಾಲ ಬಳಪದಲ್ಲಿ ಏನೋ ಗೀಚಿದ.
"ಹಾವಾ ಮಗಾ?"
"ಅಲ್ಲ, ಅಜ್ಜನ ಬಸ್ಸು."
ಹಾಗೆಯೇ ಹೊಲಿದೆ, ತಿರುವು ತಿರುವಾಗಿ,
ಕಿಟಕಿಗಳಿಗೆ ಅಂಗಿಯ ಗುಂಡಿ.

ಸುಗಂಧಿಯಿಂದ ಮಾತ್ರ ಏನೂ ಬರಲಿಲ್ಲ.
ಮಲ್ಪೆ ಎಷ್ಟು ದೂರ?
ಅಮ್ಮನ ಐದು ಸೆಂಟ್ಸ್ ಜಾಗದಷ್ಟು ದೂರ.
ತಂಗಿಯ ಮನೆ ಇರಬೇಕಾದಲ್ಲಿ
ಅಸ್ತರು ಇಣುಕುತ್ತದೆ.
ಬೇರೆ ಬಟ್ಟೆ ಇಟ್ಟು ನೋಡಿದೆ. ತೆಗೆದೆ.

ಮಣಿಪಾಲದಿಂದ ಯಾರೋ ಒಬ್ಬರು ಬಂದಿದ್ದರು,
ಕನ್ನಡಕ ಹಣೆಗೇರಿಸಿ ಹತ್ತಿರ ಬಗ್ಗಿ
"ಇದು ಕಲೆ" ಎಂದರು.
"ಹೌದು, ಬಂಗುಡೆ ಸಾರಿಂದು" ಎಂದೆ,
ಸೆರಗು ಒದ್ದೆ ಮಾಡಿ ಉಜ್ಜುತ್ತಾ.
ಅವರು ನಕ್ಕದ್ದೇಕೆಂದು ತಿಳಿದದ್ದು
ಬಾರ್ಜು ಅವರನ್ನು ಹಂಗಾರಕಟ್ಟೆಗೆ ದಾಟಿಸಿದ ಮೇಲೆ.

ಹೊದೆಯಲಿಕ್ಕಾ, ಗೋಡೆಗೆ ಹಾಕಲಿಕ್ಕಾ
ಎಂದು ಕೇಳದವರಿಲ್ಲ.
ಗೋಡೆಗೇ ಎಂದೆ ಜಂಬದಲ್ಲಿ,
ಕುಂದರರೇ ಸ್ಟೂಲು ಹತ್ತಿ ಮೊಳೆ ಹೊಡೆದರು,
ಸ್ವಲ್ಪ ಓರೆ. ಹದಿನೇಳು ದಿನ
ಊರು ಊರಿನ ಗೋಡೆಯಲ್ಲಿ ನೇತಾಡಿತು.

ಮತ್ತೆ ಆ ರಾತ್ರಿ, ಕರೆಂಟಿಲ್ಲ,
ಅವರಿಗೆ ಹಲ್ಲು ಕಟಕಟಿಸುವ ಚಳಿಜ್ವರ.
ಇದ್ದದ್ದೆಲ್ಲ ಹೊದೆಸಿದೆ, ಸಾಲಲಿಲ್ಲ.
ಕಡಲು, ಹೊಳೆ, ಬಸ್ಸು, ದೀಪ
ಒಟ್ಟಿಗೆ ಎಳೆದು ತಂದು ಮೇಲೆ ಹಾಕಿದೆ.
ಬೆಳಗಿನ ಜಾವ ಬೆವರಿಳಿದು ನಿದ್ದೆ ಹತ್ತಿತು.
ನೋಡಿದರೆ, ಬಲಗೈ
ಸಮುದ್ರದ ಕಿಸೆಯೊಳಗೆ,
ಯಾರಿಗೋ ಕೊಡಬೇಕಾದ ಚಿಲ್ಲರೆ ಹುಡುಕುತ್ತಿದೆ.

ಮೊಳೆಯಲ್ಲಿ ಈಗ ಕೊಡೆ.
ಸುಗಂಧಿಯ ಜಾಗ ಇನ್ನೂ ಖಾಲಿ,
ದಾರ ಹಾಕಿದ ಸೂಜಿ ಅಲ್ಲೇ ಚುಚ್ಚಿಟ್ಟಿದ್ದೇನೆ.
ಹೊದೆಯುವವರು ನೋಡಿಕೊಂಡು ಹೊದೆಯಬೇಕು.